ತೂಬಿನ ಮೇಲೆ ನಿಂತು ಆಡಿದ ಮಾತು

ಮಾರ್ಚ್ ತಿಂಗಳ ಮೂರನೇ ವಾರ. ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಲ್ಲಿ ಬೇಸಿಗೆ ನೆಲ್ಲು ಹೊಡೆ ಬಿಚ್ಚಿ ಹಾಲು ಕಟ್ಟುವ ಹೊತ್ತು. ಈಗ ನೀರಿನ ಪಾಳಿ ತಪ್ಪಿದರೆ ಕಾಳು ಜೊಳ್ಳು. ನೀರು ನಿಲ್ಲಿಸುವ ದಿನವೂ ಹತ್ತಿರ ಬಂದಿರುತ್ತದೆ. ಅಂಥ ಒಂದು ದಿನ ಮಾನ್ವಿ ತಾಲ್ಲೂಕಿನ ಒಂದು ಉಪಕಾಲುವೆಯ ತೂಬಿನ ಹತ್ತಿರ ಮೇಲಿನೂರಿನವರೂ ಕೆಳಗಿನೂರಿನವರೂ ಎದುರುಬದುರು ನಿಂತರು. ಕೈಗೆ ಕೈ ಹತ್ತಲಿಲ್ಲ, ಆದರೆ ಮಧ್ಯಾಹ್ನದ ತನಕ ಅದು ಯಾವಾಗ ಬೇಕಾದರೂ ಹತ್ತಬಹುದಿತ್ತು. ಅಷ್ಟು ಹೊತ್ತು ನಡೆದದ್ದೆಲ್ಲ ಮಾತೇ.

ಜಗಳದ ಬೇರು ನೀರಿನಲ್ಲಿದೆ. 133 ಟಿಎಂಸಿಗೆ ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ ಈಗ 105ರ ಆಸುಪಾಸು ಮಾತ್ರ ನಿಲ್ಲುತ್ತದೆ. ಜೋಳ, ಹತ್ತಿ, ಶೇಂಗಾಕ್ಕೆಂದು ಗುರುತು ಮಾಡಿದ್ದ ಅರೆನೀರಾವರಿ ಜಮೀನಿನಲ್ಲಿ ಗಂಗಾವತಿ, ಕಾರಟಗಿಯಿಂದ ಸಿಂಧನೂರಿನ ತನಕ ನೆಲ್ಲು ನಿಂತಿದೆ. ಮಾನ್ವಿ, ಸಿರವಾರ, ರಾಯಚೂರಿನ ಕೊನೆಭಾಗದ ರೈತರು ಬೆಳಗಾದರೆ ಕೇಳುವುದು ಒಂದೇ: 104ನೇ ಮೈಲಿನಲ್ಲಿ ಗೇಜ್ ಎಷ್ಟು ಐತಿ? ಅಂದರೆ ಕಾಲುವೆಯ ಆ ಮೈಲಿನಲ್ಲಿ ನೀರಿನ ಮಟ್ಟ ಎಷ್ಟು. ಹೊಟ್ಟೆಯ ಸಂಕಟ ಆಗಲೇ ಇರುವ ಜಾಗದಲ್ಲಿ ಒಂದು ಮಾತು ಎಷ್ಟು ಕೆಲಸ ಮಾಡುತ್ತದೆ ಅನ್ನುವುದನ್ನು ಕಾಲುವೆ ದಂಡೆಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣುವುದು ಕಷ್ಟ.

ಮೊದಲ ಮಾತು ಸೌಮ್ಯವಾಗಿಯೇ ಇತ್ತು. ಕೆಳಗಿನೂರಿನ ಹಿರಿಯರೊಬ್ಬರು ಕೇಳಿದರು: ‘ರಾತ್ರಿ ಗೇಟ್ ಯಾರು ಇಳಿಸಿದ್ರಿ?’ ಮೇಲಿನೂರಿನ ಒಬ್ಬ ಹುಡುಗ, ತೂಬಿನ ಕಟ್ಟೆಯಿಂದ ಇಳಿಯದೆ, ‘ನಾನೇ ಇಳಿಸೀನಿ, ಏನ್ ಮಾಡ್ತೀಯಲೇ?’ ಅಂದ. ‘ರಿ’ ಹೋಗಿ ‘ಲೇ’ ಬಂತು. ನಮ್ಮ ಕಡೆ ಅರ್ಧ ಜಗಳ ಆ ಒಂದು ಅಕ್ಷರದಲ್ಲಿ ಇರುತ್ತದೆ. ಗೆಳೆಯರ ನಡುವೆ ಅದೇ ‘ಲೇ’ ಸಲಿಗೆ. ತನ್ನ ತಂದೆಯ ವಯಸ್ಸಿನವರಿಗೆ, ಊರಿನವರ ಮುಂದೆ, ಎತ್ತರದಲ್ಲಿ ನಿಂತು ಅಂದರೆ ಕೆಣಕುವುದು. ಕೆಣಕುವುದಕ್ಕೆ ಇಬ್ಬರು ಸಾಕು, ಅದು ನೇರ, ಮುಖಕ್ಕೆ ಮುಖ. ಹಾಗಾಗಿ ಬಗೆಹರಿಸುವುದೂ ಸುಲಭ: ಆ ಹುಡುಗನ ಕಾಕಾ ಬಂದು ‘ಮೊದ್ಲು ಕೆಳಗ ಇಳಿಯೋ, ಹಿರೇರಿಗೆ ಹಂಗ ಅಂತಾರೇನು’ ಅಂದದ್ದೇ ಅರ್ಧ ಬಿಸಿ ಇಳಿಯಿತು.

ಕೆಡಿಸಿದ್ದು ಮುಂದಿನದು. ಗುಂಪಿನ ಹಿಂದಿನಿಂದ ಯಾರೋ, ‘ಬರಗಾಲದಾಗ ಇವ್ರ ಮನ್ಯಾಗ ಕಾಳಿಲ್ಲಂತ ನಮ್ಮೂರಿಗೇ ಬಂದಿದ್ರಲ್ಲ’ ಅಂದರು. ಇದು ಹಂಗಿಸುವುದು. ಮಾಡಿದ ಉಪಕಾರವನ್ನು ಹೊರತೆಗೆದು ನಾಲ್ಕು ಜನರ ನಡುವೆ ಇಡುವುದು. ಬೈಗುಳಕ್ಕೆ ಬೈಗುಳದಿಂದ ಉತ್ತರ ಕೊಡಬಹುದು, ಹಂಗಿಸಿದ್ದಕ್ಕೆ ಉತ್ತರವೇ ಇಲ್ಲ, ಯಾಕೆಂದರೆ ಅದು ಬಹುಪಾಲು ನಿಜವಿರುತ್ತದೆ. ಹಿರಿಯರು ಸುಮ್ಮನಾದರು. ಅಷ್ಟು ಹೊತ್ತು ಅವರ ಹಿಂದೆ ಸಮಾಧಾನವಾಗಿ ನಿಂತಿದ್ದ ಹುಡುಗರು ಮುಂದೆ ಬಂದದ್ದು ಆಗಲೇ. ಕೆರಳುವುದು ಅಂದರೆ ಇದು. ಹುಣ್ಣು ಕೆರಳಿತು ಅನ್ನುತ್ತೇವಲ್ಲ, ಹಾಗೆ ಮೊದಲೇ ಗಾಯ ಇದ್ದಲ್ಲಿ ಮಾತ್ರ ಕೆರಳುತ್ತದೆ. ಕೆರಳಿದವನ ಹತ್ತಿರ ‘ಸಿಟ್ಟು ಮಾಡ್ಬ್ಯಾಡ’ ಅನ್ನುವುದು ಉಪಯೋಗಕ್ಕೆ ಬರುವುದಿಲ್ಲ. ಗಾಯ ಯಾವುದು ಅಂತ ಬಾಯಿಬಿಟ್ಟು ಹೇಳಬೇಕು: ‘ಆ ಮಾತು ಇಲ್ಲಿ ಬರಬಾರದಿತ್ತು, ಅದಕ್ಕೂ ನೀರಿಗೂ ಸಂಬಂಧ ಇಲ್ಲ.’ ಅಂದವರ ಕಡೆಯ ಹಿರಿಯರೇ ಇದನ್ನು ಹೇಳಬೇಕು. ಬೇರೆಯವರು ಹೇಳಿದರೆ ನಾಟುವುದಿಲ್ಲ.

‘ನಿಮ್ಮೂರಾಗ ಗಂಡಸ್ರು ಇಲ್ಲೇನು, ಹಿರೇರನ್ನ ಕಳಿಸೀರಿ?’ ಅನ್ನುವ ಮಾತೂ ಬಂತು. ಇದು ಮೂದಲಿಸುವುದು. ಅವಮಾನ ಮಾಡುವುದಷ್ಟೇ ಅದರ ಗುರಿಯಲ್ಲ, ಎದುರಿನವನು ಈಗಲೇ, ಇಲ್ಲೇ ಏನಾದರೂ ಮಾಡಲೇಬೇಕು ಅನ್ನುವಂತೆ ಮಾಡುವುದು. ಹಾಗಾಗಿ ಮೂದಲಿಕೆ ಬಿದ್ದ ಕೂಡಲೇ ಜಾಗ ಬದಲಿಸಬೇಕು. ನಿಂತವರನ್ನು ಕೂರಿಸಬೇಕು, ತೂಬಿನಿಂದ ದೂರ, ಬೇವಿನ ನೆರಳಿಗೆ ಕರೆದೊಯ್ಯಬೇಕು. ಎದ್ದು ನಿಂತವನಿಗೆ ‘ಏನಾದರೂ ಮಾಡು’ ಅನ್ನುವ ಒತ್ತಡ ಹೆಚ್ಚು, ಕುಂತವನಿಗೆ ಕಡಿಮೆ. ಅವತ್ತು ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್ ಚಹಾ ತರಿಸಿದ್ದೂ ಇದೇ ಕೆಲಸ ಮಾಡಿತು. ಕೈಯಲ್ಲಿ ಬಿಸಿ ಲೋಟ ಇದ್ದವನು ಕೈ ಬೀಸಿ ಮಾತಾಡುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಹಚ್ಚಿಕೊಡುವುದು. ಎತ್ತಿಕಟ್ಟುವುದು ಅನ್ನಿ, ಛೂ ಬಿಡುವುದು ಅನ್ನಿ. ಇದಕ್ಕೆ ಮೂರನೆಯವನು ಬೇಕು, ಮತ್ತು ಆ ಮೂರನೆಯವನು ಸ್ಥಳದಲ್ಲಿ ಇರುವುದೇ ಇಲ್ಲ. ಅವತ್ತು ಕೆಳಗಿನೂರಿನಿಂದ ಟ್ರ್ಯಾಕ್ಟರ್ ತುಂಬ ಜನ ಬಂದದ್ದು ಹಿಂದಿನ ರಾತ್ರಿಯ ಒಂದು ಮಾತಿಗೆ: ‘ಟೇಲೆಂಡಿನೋರು ನೆಲ್ಲು ಹಚ್ಚಿದ್ದೇ ತಪ್ಪು, ಒಣಗಲಿ ಅಂದ್ರಂತ.’ ಆ ‘ಅಂತ’ವನ್ನು ಹಿಡಿಯಬೇಕು. ಯಾರು ಅಂದದ್ದು? ಯಾರ ಮುಂದೆ? ನೀನು ಕಿವಿಯಾರೆ ಕೇಳಿದಿಯೋ? ಮೂರು ಪ್ರಶ್ನೆಗೆ ಆ ಮಾತು ಬಡಕಲಾಯಿತು. ಹೋಟೆಲಿನ ಮುಂದೆ ಒಬ್ಬ ಹೇಳಿದ್ದು, ಇನ್ನೊಬ್ಬ ಸೇರಿಸಿದ್ದು, ‘ಒಣಗಲಿ’ ಅನ್ನುವ ಶಬ್ದ ಎಲ್ಲಿ ಹುಟ್ಟಿತು ಅಂತ ಯಾರಿಗೂ ಗೊತ್ತಿಲ್ಲ. ಈ ಪ್ರಶ್ನೆಗಳನ್ನು ಗುಂಪಿನ ಎದುರು ಕೇಳಬಾರದು. ತಂದವನು ಮಾನಕ್ಕೆ ಅಂಜಿ ‘ಹೌದು, ನಾನೇ ಕೇಳೀನಿ’ ಅಂದುಬಿಡುತ್ತಾನೆ, ಆಮೇಲೆ ಅದನ್ನು ಸಾಧಿಸಲು ಇನ್ನಷ್ಟು ಹೇಳುತ್ತಾನೆ. ಪಕ್ಕಕ್ಕೆ ಕರೆದು ಕೇಳಬೇಕು.

‘ಕ್ಯಾಂಪಿನೋರು’, ‘ಊರೋರು’ ಅನ್ನುವ ಎರಡು ಪದಗಳ ಬಗ್ಗೆಯೂ ಎಚ್ಚರ ಬೇಕು. ಅಣೆಕಟ್ಟು ಆದಮೇಲೆ ಆಂಧ್ರದ ಕಡೆಯಿಂದ ಬಂದು ಜಮೀನು ಮಾಡಿದವರ ಕ್ಯಾಂಪುಗಳು ಗಂಗಾವತಿ, ಸಿಂಧನೂರು, ಮಾನ್ವಿ ಭಾಗದಲ್ಲಿ ಬಹಳ. ಅಲ್ಲೇ ಹುಟ್ಟಿ ಬೆಳೆದ ಮೊಮ್ಮಕ್ಕಳಿಗೂ ಅದೇ ಹೆಸರು. ವಿಳಾಸ ಹೇಳುವಾಗ ಅದರಲ್ಲಿ ಏನೂ ತಪ್ಪಿಲ್ಲ. ನೀರಿನ ಜಗಳದ ನಡುವೆ ‘ಕ್ಯಾಂಪಿನೋರೆಲ್ಲ ಹಿಂಗೇ’ ಅಂದಾಗ ಗೇಟ್ ಇಳಿಸಿದ ಒಬ್ಬನ ತಪ್ಪು ಇಡೀ ಊರಿನ ತಲೆ ಮೇಲೆ ಕೂರುತ್ತದೆ. ಹೆಸರು ಹಿಡಿದು ಮಾತಾಡಿ ಅಂತ ಮೊದಲೇ ಕಟ್ಟುನಿಟ್ಟು ಮಾಡಿದ್ದರೆ ಅವತ್ತು ಒಂದು ತಾಸು ಉಳಿಯುತ್ತಿತ್ತು.

ಠಾಣೆಯ ಭಾಷೆ ಬೇರೆ. ಅಲ್ಲಿ ಎಲ್ಲವೂ ‘ಪ್ರಚೋದನೆ’ ಮತ್ತು ‘ಕುಮ್ಮಕ್ಕು’. ಶಾಂತಿ ಕದಡಲೆಂದು ಬೇಕಂತಲೇ ಅವಮಾನ ಮಾಡುವುದು ಮೊದಲು ಐಪಿಸಿ 504. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 352, ಎರಡು ವರ್ಷದವರೆಗೆ ಶಿಕ್ಷೆ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ಇದರ ತನಿಖೆಗೆ ಇಳಿಯುವಂತಿಲ್ಲ. ಗಲಭೆ ಆಗಲೆಂದೇ ಪ್ರಚೋದಿಸಿದರೆ ಕಲಂ 192. ಶಾಂತಿ ಕಾಪಾಡುತ್ತೇವೆಂದು ಎರಡೂ ಕಡೆಯವರಿಂದ ಮುಚ್ಚಳಿಕೆ ಬರೆಸಿಕೊಳ್ಳುವುದು ನಾಗರಿಕ ಸುರಕ್ಷಾ ಸಂಹಿತೆಯ 126ರ ಕೆಳಗೆ.

ದೂರು ಬರೆಯುವ ಮಾತು ಅವತ್ತೂ ಬಂತು, ಅರ್ಧ ಪುಟ ಬರೆದೂ ಆಯಿತು. ‘ಅವಾಚ್ಯ ಶಬ್ದಗಳಿಂದ ನಿಂದಿಸಿ ಪ್ರಚೋದಿಸಿರುತ್ತಾರೆ’ ಅಂತ ಒಂದೇ ಸಾಲು. ಅದನ್ನು ನಿಲ್ಲಿಸಿ, ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ ಅಂದಾಗ ಬರೆಯುತ್ತಿದ್ದ ಹುಡುಗ ಪೆನ್ನು ಹಿಡಿದು ಯೋಚಿಸಿದ. ಬೈದದ್ದು ಯಾರು, ಹಂಗಿಸಿದ್ದು ಯಾರು, ‘ಅಂದ್ರಂತ’ ಅಂತ ಹಚ್ಚಿಕೊಟ್ಟದ್ದು ಯಾರು ಅಂತ ಬೇರೆ ಬೇರೆ ಬರೆಯುವಾಗ ತಮ್ಮ ಕಡೆಯವರ ಹೆಸರೂ ಅದರಲ್ಲಿ ಬಂತು. ಕಾಗದ ಮಡಚಿ ಜೇಬಿಗಿಟ್ಟರು.

ಸಂಜೆಗೆ ಒಪ್ಪಿದ್ದು ಇಷ್ಟು: ಮೇಲಿನವರಿಗೆ ಎರಡು ರಾತ್ರಿ, ಕೆಳಗಿನವರಿಗೆ ಮೂರು. ಗೇಟ್ ಎತ್ತುವಾಗ ಇಳಿಸುವಾಗ ಎರಡೂ ಊರಿನ ಒಬ್ಬೊಬ್ಬರು ಗ್ಯಾಂಗ್‌ಮನ್ ಜೊತೆ ಇರಬೇಕು. ನೀರು ಕಡಿಮೆ ಬಂದರೆ ಮೊದಲು ಗೇಜ್ ನೋಡಿ, ಆಮೇಲೆ ಒಂದೂರಿನವರು ಇನ್ನೊಂದೂರಿನವರಿಗೇ ಫೋನ್ ಮಾಡಬೇಕು, ಮೂರನೆಯವರಿಗಲ್ಲ. ತೂಬಿನ ಬಳಿ ಮೊಬೈಲಿನಲ್ಲಿ ಹಿಡಿದ ತುಣುಕುಗಳನ್ನು ಹುಡುಗರು ಹಿರಿಯರ ಎದುರಲ್ಲೇ ಅಳಿಸಿದರು.