ಕ್ಯಾನ್‌ಬೆರಾ ಬೀದಿಯಲ್ಲಿ ಬಾಲಿಯ ಕಂಚು, ಅಚೇಯ ಚಪ್ಪಾಳೆ

ಫೆಬ್ರವರಿಯಲ್ಲಿ ಆಸ್ಟ್ರೇಲಿಯಾಕ್ಕೆ ಹೋಗುವವರು ಕ್ಯಾನ್‌ಬೆರಾದ ನ್ಯಾಷನಲ್ ಮಲ್ಟಿಕಲ್ಚರಲ್ ಫೆಸ್ಟಿವಲ್ ನೋಡಿಯೇ ಬರಬೇಕು. ಮೂರು ದಿನ ಊರಿನ ನಡುಭಾಗದ ರಸ್ತೆಗಳಲ್ಲಿ ಜನವೋ ಜನ. ರಾಯಭಾರ ಕಚೇರಿಗಳಿರುವ ರಾಜಧಾನಿ ಅಲ್ವಾ, ಯಾವ ದೇಶದವರು ಬೇಕಾದರೂ ಸಿಗುತ್ತಾರೆ.

"ಇಂಡೋನೇಷ್ಯಾದವರದು ಶುರುವಾಗುತ್ತೆ, ಬೇಗ ಬಾರೋ" ಅಂತ ಅಕ್ಕ ಅವಸರ ಮಾಡಿದಳು. ಸಾಟೆ, ಅಂದರೆ ಕಡ್ಡಿಗೆ ಚುಚ್ಚಿದ ಮಾಂಸ, ಸುಡುವ ಹೊಗೆ ದಾಟಿ, ವೇದಿಕೆಯ ಹತ್ತಿರವೇ ಜಾಗ ಹಿಡಿದೆವು.

ಮೊದಲು ಬಾಲಿಯ ಪೆಂಡೆಟ್. ದೇವಸ್ಥಾನದಿಂದ ಬಂದ ಕುಣಿತ ಇದು. ಹುಡುಗಿಯರು ಬಟ್ಟಲಿನಿಂದ ಹೂ ಎರಚಿ ಸ್ವಾಗತ ಕೋರಿದರು. ಚೆಂದವೇ. ಆದರೆ ನನ್ನ ಕಣ್ಣೆಲ್ಲ ಪಕ್ಕದ ಗಮೆಲಾನ್ ಎಂಬ ಕಂಚಿನ ವಾದ್ಯಮೇಳದ ಮೇಲಿತ್ತು.

ಕಂಚಿನ ಪಟ್ಟಿಗಳ ಸಾಲು, ಅವುಗಳ ಕೆಳಗೆ ಬಿದಿರಿನ ಕೊಳವೆಗಳು. ಬಲಗೈ ಸುತ್ತಿಗೆಯಿಂದ ಒಂದು ಪಟ್ಟಿಯನ್ನು ಬಡಿಯುತ್ತದೆ. ಆಗಲೇ ಎಡಗೈ ಹಿಂದಿನ ಪಟ್ಟಿಯನ್ನು ಚಿವುಟಿ ಅದರ ದನಿ ನಿಲ್ಲಿಸಬೇಕು. ಬಡಿಯುವುದಕ್ಕಿಂತ ಈ ನಿಲ್ಲಿಸುವ ಕೆಲಸವೇ ಕಷ್ಟ ಅನ್ನಿಸಿತು. ಅಷ್ಟು ವೇಗದಲ್ಲೂ ಒಂದು ಸ್ವರ ಇನ್ನೊಂದರ ಮೇಲೆ ಬೀಳಲಿಲ್ಲ! ವಾದ್ಯಗಳು ಜೋಡಿಜೋಡಿ. ಒಂದರ ಶ್ರುತಿ ತುಸು ಮೇಲೆ, ಇನ್ನೊಂದರದು ತುಸು ಕೆಳಗೆ, ಬೇಕಂತಲೇ ಇಟ್ಟಿರುತ್ತಾರೆ. ಎರಡನ್ನೂ ಒಟ್ಟಿಗೆ ಬಾರಿಸಿದಾಗ ನಾದ ನಡುಗುತ್ತದೆ. ತಂಬೂರಿಯ ಶ್ರುತಿ ಕೂಡುವುದನ್ನು ಕೇಳಿ ಬೆಳೆದ ಕಿವಿಗೆ ಮೊದಲು ಇರುಸುಮುರುಸು. ಸ್ವಲ್ಪ ಹೊತ್ತಿಗೆ ಆ ನಡುಕವೇ ಹಿಡಿಸಿತು.

ಆಮೇಲೆ ಸುಮಾತ್ರಾ ದ್ವೀಪದ ತುದಿಯ ಅಚೇ ಸೀಮೆಯ ರಾತೋ ಜಾರೋ ಕುಣಿತ. ಹೆಣ್ಣುಮಕ್ಕಳು ಭುಜಕ್ಕೆ ಭುಜ ತಾಗಿಸಿ ಸಾಲಾಗಿ ಮಂಡಿಯೂರಿದರು. ಅಂಗೈ, ಎದೆ, ತೊಡೆ, ಮತ್ತೆ ಅಂಗೈ. ಒಬ್ಬಳು ಏಳುವಾಗ ಪಕ್ಕದವಳು ಬಗ್ಗುತ್ತಾಳೆ. ಹಾಡು, ರಪಾಯಿ ತಮಟೆ, ವೇಗ ಏರುತ್ತಲೇ ಹೋಯಿತು. ಒಬ್ಬಳ ಕೈ ತಡವಾದರೂ ಪಕ್ಕದವಳ ತಲೆಗೆ ಬೀಳಬೇಕು, ಬೀಳಲಿಲ್ಲ. ಇದನ್ನೂ ಸಮನ್ ಅಂತ ಕರೆಯುವವರಿದ್ದಾರೆ. ಸಮನ್ ಬೇರೆಯೇ: ಅದು ಅಚೇಯ ಗಾಯೋ ಜನರದು, ಗಂಡಸರು ಕೂತು ಮಾಡುವಂಥದ್ದು. ವಾದ್ಯವಿಲ್ಲ, ಕಂಠ ಮತ್ತು ಮೈಯೇ ತಾಳ. ತುರ್ತಾಗಿ ಕಾಪಾಡಬೇಕಾದ ಕಲೆಗಳ ಪಟ್ಟಿಗೆ ಯುನೆಸ್ಕೋ ಅದನ್ನು 2011ರಲ್ಲಿ ಸೇರಿಸಿತು. ಎರಡಕ್ಕೂ ಅದರದರ ಹೆಸರು ಸಲ್ಲಬೇಕು.

ಕೊನೆಗೆ ನೋಡುಗರ ಕೈಗೂ ಬಿದಿರಿನ ಆಂಕ್ಲುಂಗ್ ಕೊಟ್ಟರು. ಒಂದು ವಾದ್ಯಕ್ಕೆ ಒಂದೇ ಸ್ವರ. ನಮ್ಮ ಸರದಿ ಬಂದಾಗ ಅಲುಗಾಡಿಸಬೇಕು, ಅಷ್ಟೇ. ಗುರುತು ಪರಿಚಯ ಇಲ್ಲದವರೆಲ್ಲ ಸೇರಿ ಒಂದು ಧಾಟಿ ಮುಗಿಸಿದೆವು.

ನೀವೂ ಹೋದರೆ ದೂರದ ಕುರ್ಚಿಯಲ್ಲಿ ಕೂರಬೇಡಿ. ವಾದ್ಯದವರ ಪಕ್ಕ ನಿಂತು ಅವರ ಎಡಗೈ ನೋಡಿ.