ಕರೆಂಟು ಹೋದಾಗ ಗೊತ್ತಾಗುವ ಲೀಗು

ಏಪ್ರಿಲ್ ತಿಂಗಳ ಸಂಜೆ ಏಳರ ಹೊತ್ತಿಗೆ ಪಡುವಣದಲ್ಲಿ ಮೋಡ ಕಪ್ಪಿಟ್ಟಿತೆಂದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಇನ್ನರ್ಧ ಗಂಟೆಯಲ್ಲಿ ಗಾಳಿ ಏಳುತ್ತದೆ, ಎಲ್ಲೋ ಒಂದು ತೆಂಗಿನ ಗರಿ ತಂತಿಯ ಮೇಲೆ ಬೀಳುತ್ತದೆ, ಹಳ್ಳಿಗಳಿಗೆ ಕರೆಂಟು ತರುವ ಫೀಡರ್ ಟ್ರಿಪ್ ಆಗಿ ಕತ್ತಲಾಗುತ್ತದೆ. ಐಪಿಎಲ್ ಪಂದ್ಯದ ಮೊದಲ ಚೆಂಡು ಬೀಳುವುದೂ ಏಳೂವರೆಗೇ. ಬೇಸಿಗೆಯ ಮಳೆಗೂ ಐಪಿಎಲ್‌ಗೂ ಒಂದೇ ತಿಂಗಳಲ್ಲಿ, ಒಂದೇ ಹೊತ್ತಿಗೆ ಗಂಟುಬಿದ್ದಿದೆ. ಅದರ ಫಲವನ್ನು ನಮ್ಮಷ್ಟು ಉಂಡವರು ಈ ರಾಜ್ಯದಲ್ಲಿ ಬೇರೆ ಯಾರೂ ಇರಲಾರರು.

ನಾನು ನಾಗಮಂಗಲದ ಕಡೆ ಲೈನ್‌ಮನ್. ಕಾಗದಪತ್ರದಲ್ಲಿ ಮಾರ್ಗದಾಳು ಎಂದಿತ್ತು, ಈಚೆಗೆ ಪವರ್‌ಮ್ಯಾನ್ ಎಂದಾಗಿದೆ, ಹಳ್ಳಿಗಳಲ್ಲಿ ಎಂದಿನಿಂದಲೂ ‘ಕರೆಂಟಣ್ಣ’. ರಾತ್ರಿ ಪಾಳಿ ಇದ್ದಾಗ ಶಾಖಾ ಕಚೇರಿಯ ಫೋನು ನನ್ನ ಕೈಯಲ್ಲಿರುತ್ತದೆ. ದೂರಿನ ರಿಜಿಸ್ಟರ್‌ನಲ್ಲಿ ಊರು, ಸಮಯ, ಏನಾಗಿದೆ, ಯಾವಾಗ ಸರಿಯಾಯಿತು ಎಂದಷ್ಟೇ ಬರೆಯಬೇಕು. ಆದರೆ ಆಟವೆಂದರೆ ನನಗೆ ಪ್ರಾಣ. ಹಾಗಾಗಿ ನನ್ನದೇ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಆ ಹೊತ್ತಿಗೆ ಟಿ.ವಿ.ಯಲ್ಲಿ ಯಾವ ಪಂದ್ಯ ನಡೆಯುತ್ತಿತ್ತು, ಎಷ್ಟು ಕರೆ ಬಂದವು, ಯಾರು ಏನೆಂದರು ಎಂದೂ ಬರೆದಿಡುತ್ತಾ ಬಂದಿದ್ದೇನೆ. ಯಾವ ಲೀಗಿಗೆ ಎಷ್ಟು ಜನ ಎಂದು ವಾಹಿನಿಯವರು ಏನೇ ಲೆಕ್ಕ ಕೊಡಲಿ, ಕತ್ತಲೆಯಲ್ಲಿ ಕುಳಿತ ಮನುಷ್ಯನ ದನಿಗಿಂತ ನಂಬಿಕೆಯ ಸಾಕ್ಷಿ ನನಗೆ ಇನ್ನೊಂದಿಲ್ಲ.

ಐಪಿಎಲ್ ದೊಡ್ಡದು. ಅದರಲ್ಲಿ ವಾದವೇ ಇಲ್ಲ. ಉಳಿದ ದಿನ ಕರೆಂಟು ಹೋದರೆ ಜನ ಕಾಲು ಗಂಟೆ ತಾಳುತ್ತಾರೆ, ಆಮೇಲೆ ‘ಮಗುವಿಗೆ ಸೆಕೆ’, ‘ಮೋಟರ್ ಹಾಕಬೇಕಿತ್ತು’ ಎಂದು ಸಂಕೋಚದಿಂದ ಹೇಳುತ್ತಾರೆ. ಐಪಿಎಲ್ ದಿನ ಬಲ್ಬು ಆರಿದ ಮರುನಿಮಿಷಕ್ಕೇ ಫೋನು ಬಡಿದುಕೊಳ್ಳುತ್ತದೆ, ಸುಳ್ಳು ನೆವಗಳೂ ಇರುವುದಿಲ್ಲ. ‘ಅಣ್ಣ, ಕೊಹ್ಲಿ ನಲವತ್ತೆಂಟಕ್ಕೆ ನಿಂತಿದ್ದಾನೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಊರು ಯಾವುದು, ಏನಾಗಿದೆ ಎಂಬುದನ್ನೆಲ್ಲ ನಾನೇ ಕೇಳಿ ತಿಳಿಯಬೇಕು. ಬೇರೆ ಎರಡು ತಂಡಗಳ ಪಂದ್ಯವಾದರೆ ಹತ್ತೋ ಹದಿನೈದೋ ಕರೆ, ಆರ್‌ಸಿಬಿ ಇದ್ದರೆ ಬೆರಳು ಮಡಚಿ ಎಣಿಸಲು ಪುರುಸೊತ್ತಿಲ್ಲ. 2023ರಲ್ಲಿ ಪಂದ್ಯಗಳು ಮೊಬೈಲಿನಲ್ಲಿ ಪುಕ್ಕಟೆ ಬಂದಾಗ ಹುಡುಗರ ಕರೆ ಇಳಿಯಿತು. ಅವರೆಲ್ಲ ಅಂಗೈಯಲ್ಲೇ ನೋಡುತ್ತಿದ್ದರು. ಆ ವರ್ಷ ನನಗೆ ಫೋನು ಮಾಡಿದವರು ಹೆಚ್ಚಾಗಿ ಅರವತ್ತು ದಾಟಿದವರು. ಅಲ್ಲಿಯವರೆಗೆ ಮಕ್ಕಳ ಗದ್ದಲದಲ್ಲಿ ಅವರ ದನಿ ನನಗೆ ಕೇಳಿಯೇ ಇರಲಿಲ್ಲ.

ಹಣದ ಲೆಕ್ಕಕ್ಕಂತೂ ನಮ್ಮ ಕೈಬೆರಳು ಸಾಲದು. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. 2024ರ ನವೆಂಬರ್ ಹರಾಜಿನಲ್ಲಿ ರಿಷಭ್ ಪಂತ್ ಒಬ್ಬರಿಗೇ 27 ಕೋಟಿ. ಕಬಡ್ಡಿಯಲ್ಲಿ ಪವನ್ ಸೆಹ್ರಾವತ್ 2 ಕೋಟಿ 60 ಲಕ್ಷ ದಾಟಿದಾಗ ನಮ್ಮ ಕಚೇರಿಯಲ್ಲಿ ಸಿಹಿ ಹಂಚಿದ್ದೆವು.

2025ರ ಜೂನ್ 3ರ ರಾತ್ರಿ ನನಗೆ ಪಾಳಿ ಇತ್ತು. ಅಹಮದಾಬಾದಿನಲ್ಲಿ ಪಂಜಾಬಿನ ಜೊತೆ ಆರ್‌ಸಿಬಿಯ ಫೈನಲ್. ನಾವು ನಾಲ್ವರು ಹಿಂದಿನ ವಾರವೆಲ್ಲ ಏಣಿ, ಮಚ್ಚು ಹಿಡಿದು ಫೀಡರಿನ ಉದ್ದಕ್ಕೂ ಕೊಂಬೆ ಕಡಿದಿದ್ದೆವು. ಮಳೆಗಾಲದ ಮುಂಚಿನ ಕೆಲಸವೇ ಅದು, ಆದರೆ ಆ ಸಲ ಯಾರೂ ಕರೆಯುವ ಮುಂಚೆ ಬೆಳಗ್ಗೆ ಆರಕ್ಕೇ ಬಂದು ನಿಲ್ಲುತ್ತಿದ್ದರು. 2009, 2011, 2016, ಮೂರು ಸಲ ಫೈನಲ್‌ನಲ್ಲಿ ಸೋತ ತಂಡ ನಮ್ಮದು. ನಾಲ್ಕನೆಯದನ್ನು ಒಂದು ಹುಣಸೆ ಕೊಂಬೆಯ ದೆಸೆಯಿಂದ ನಮ್ಮ ಹಳ್ಳಿಗಳು ನೋಡದೆ ಹೋಗಬಾರದು ಎಂಬುದೊಂದೇ ಹಟ. ಕೊನೆಯ ಓವರಿನಲ್ಲಿ ಪಂಜಾಬಿಗೆ 29 ರನ್ ಬೇಕಿತ್ತು, ಶಶಾಂಕ್ ಸಿಂಗ್ ಸಿಕ್ಸರ್ ಮೇಲೆ ಸಿಕ್ಸರ್ ಹೊಡೆದರೂ ಆರು ರನ್ ಉಳಿಯಿತು. ಕೊಹ್ಲಿ ಮಂಡಿಯೂರಿ ಅತ್ತಾಗ ನಮ್ಮ ಹಿರಿಯ ಲೈನ್‌ಮನ್ ಕೈಗವಸಿನಿಂದಲೇ ಕಣ್ಣೊರೆಸಿಕೊಂಡರು. ‘ಈ ಸಲ ಕಪ್ ನಮ್ದೇ’ ಎಂದು ಹದಿನೆಂಟನೆಯ ಸಲಕ್ಕೆ ನಿಜವಾಗಿ ಕೂಗಿದರು. ಆ ರಾತ್ರಿ ಫೋನು ಒಂದು ಸಲವೂ ಹೊಡೆದುಕೊಳ್ಳಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಐಪಿಎಲ್ ದಿನದ ಎದುರು ಸೊನ್ನೆ ಇರುವ ಒಂದೇ ಸಾಲು ಅದು, ಅದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಜೀವ ಬಿಟ್ಟರು. ಆ ಜನಸಾಗರವನ್ನು ಜನಪ್ರಿಯತೆಯ ಲೆಕ್ಕಕ್ಕೆ ಸೇರಿಸಲು ನನಗೆ ಮನಸ್ಸು ಬರುವುದಿಲ್ಲ.

ಹುಡುಗಿಯರ ಲೀಗಿಗೆ ಬಂದ ಮೊದಲ ಕರೆ ನನಗೆ ಚೆನ್ನಾಗಿ ನೆನಪಿದೆ. 2024ರ ಮಾರ್ಚ್ 17, ಭಾನುವಾರ, ದೆಹಲಿಯಲ್ಲಿ ಆರ್‌ಸಿಬಿಯ ಡಬ್ಲ್ಯುಪಿಎಲ್ ಫೈನಲ್. ವಿಕೆಟ್ ನಷ್ಟವಿಲ್ಲದೆ 64 ಮಾಡಿದ್ದ ದೆಹಲಿ ಕುಸಿಯುತ್ತಿತ್ತು. ‘ಅಂಕಲ್, ಶ್ರೇಯಾಂಕಾ ಬೌಲಿಂಗಿಗೆ ಬಂದಿದ್ದಾರೆ, ಬೇಗ’ ಎಂದಿತು ಒಂದು ಮಗುವಿನ ದನಿ. ಟಿ.ಸಿ.ಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಫ್ಯೂಸು ಹೋಗಿತ್ತು, ಹತ್ತೇ ನಿಮಿಷದ ಕೆಲಸ. ದೆಹಲಿ 113ಕ್ಕೆ ಮುಗಿಯಿತು, ಶ್ರೇಯಾಂಕಾ ಪಾಟೀಲ್ 12 ರನ್ ಕೊಟ್ಟು ನಾಲ್ಕು ವಿಕೆಟ್ ಕಿತ್ತಿದ್ದರು. ಆರ್‌ಸಿಬಿಯ ಮನೆಗೆ ಮೊದಲ ಕಪ್ ತಂದವರು ಹೆಣ್ಣುಮಕ್ಕಳು.

ಇನ್ನು ಫುಟ್‌ಬಾಲ್. ದೇಶದ ಫುಟ್‌ಬಾಲ್ ಲೀಗಾದ ಐಎಸ್‌ಎಲ್ ಪಂದ್ಯದ ಹೊತ್ತಿಗೆ ಕರೆಂಟು ಹೋದರೆ ನನಗೆ ಒಂದೇ ಕರೆ, ಅದೂ ಪ್ರತಿ ಸಲ ಒಬ್ಬರದೇ: ಬಸ್ ನಿಲ್ದಾಣದ ಎದುರಿನ ಬೇಕರಿಯ ಮಲಯಾಳಿ ಚೇಟನದು. ಕೇರಳ ಬ್ಲಾಸ್ಟರ್ಸ್ ಎಂದರೆ ಅವರಿಗೆ ದೇವರು. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಜೊತೆ ಅವರ ತಂಡದ ಪ್ಲೇ ಆಫ್. ಹೆಚ್ಚುವರಿ ಸಮಯದ ಹೊತ್ತಿಗೆ ಬೇಕರಿಯ ಸರ್ವಿಸ್ ತಂತಿ ಕಿಡಿ ಹಾರಿಸಿ ನಿಂತಿತ್ತು. ನಾನು ಏಣಿ ಹಾಕಿ ಬಿಗಿ ಮಾಡಿ ಇಳಿಯುವಷ್ಟರಲ್ಲಿ ಬೆಂಗಳೂರಿನ ಸುನಿಲ್ ಚೆಟ್ರಿ, ಎದುರಾಳಿಗಳು ಗೋಡೆ ಕಟ್ಟುವ ಮುಂಚೆಯೇ ಫ್ರೀ ಕಿಕ್ ಒದ್ದು ಗೋಲು ಮಾಡಿದ್ದರು. ಟಿ.ವಿ. ಹೊತ್ತಿಕೊಂಡಾಗ ಕಂಡದ್ದು ಸಿಟ್ಟಿನಿಂದ ಮೈದಾನ ಬಿಟ್ಟು ನಡೆಯುತ್ತಿದ್ದ ಬ್ಲಾಸ್ಟರ್ಸ್ ಆಟಗಾರರು. ಚೇಟ ನನ್ನ ಕೈ ಹಿಡಿದುಕೊಂಡು ‘ಸಾರ್, ಆ ತಂತಿಯನ್ನು ಮತ್ತೆ ತೆಗೆದುಬಿಡಿ’ ಎಂದರು. ನಾನು ಬೆಂಗಳೂರಿನ ಕಡೆಯವನು, ಆದರೂ ಆ ಮುಖ ನೋಡಿ ಸಂತೋಷಪಡಲು ಆಗಲಿಲ್ಲ. ಇಬ್ಬರೂ ಒಂದೊಂದು ದಿಲ್‌ಪಸಂದ್ ತಿಂದು ಸುಮ್ಮನೆ ಕುಳಿತೆವು.

ಮಾರನೆಯ ದಿನವೇ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ ರಾಜ್ಯ ತಂಡಗಳ ಫುಟ್‌ಬಾಲ್ ಕಪ್ಪಾದ ಸಂತೋಷ್ ಟ್ರೋಫಿ ಗೆದ್ದಿತು. ಐವತ್ತನಾಲ್ಕು ವರ್ಷಗಳ ಮೇಲೆ! 1948ರ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಅವರ ನಾಡು ನಮ್ಮದು. ಆ ದಿನ ನಮ್ಮ ಕಡೆ ಎಲ್ಲೂ ಕರೆಂಟು ಹೋಗಿರಲಿಲ್ಲ. ಹೋಗಿದ್ದರೂ ಆ ಪಂದ್ಯಕ್ಕಾಗಿ ಯಾರೂ ಫೋನು ಮಾಡುತ್ತಿರಲಿಲ್ಲ ಎಂದು ನನಗೆ ಗೊತ್ತು, ಅದು ನನಗೆ ಈಗಲೂ ನೋವಿನ ವಿಷಯ.

ಯುರೋಪಿನ ಚಾಂಪಿಯನ್ಸ್ ಲೀಗಿಗೂ ನಮ್ಮಲ್ಲಿ ಒಬ್ಬ ಅಭಿಮಾನಿ ಇದ್ದಾನೆ. ಬಾಡಿಗೆ ಕೋಣೆಯಲ್ಲಿರುವ ಕಾಲೇಜಿನ ಹುಡುಗ, ಬೆಳಗಿನ ಜಾವ ಮೂರಕ್ಕೆ ಪಿಸುದನಿಯಲ್ಲಿ ಫೋನು ಮಾಡುತ್ತಾನೆ. ಮನೆಯ ಮಾಲೀಕರು ಏಳಬಾರದಲ್ಲ.

ಈಗ ಕಬಡ್ಡಿ. ನೋಟ್‌ಬುಕ್ಕಿನ ಅಂಕಿಯನ್ನಷ್ಟೇ ನೋಡಿದರೆ ಪ್ರೊ ಕಬಡ್ಡಿ ಸೋತಂತೆಯೇ ಕಾಣುತ್ತದೆ: ಒಂದು ಊರಿಗೆ ಒಂದು ಕರೆ, ಹೆಚ್ಚೆಂದರೆ ಎರಡು. ಮೊದಮೊದಲು ನನಗೂ ಬೇಸರವಾಗುತ್ತಿತ್ತು. ಆದರೆ ಕರೆ ಎತ್ತಿದರೆ ಆ ಕಡೆ ಜಾತ್ರೆ. ಒಬ್ಬರು ಮಾತು ಶುರು ಮಾಡುತ್ತಾರೆ, ಇನ್ನೊಬ್ಬರು ಫೋನು ಕಿತ್ತುಕೊಳ್ಳುತ್ತಾರೆ, ಹಿಂದಿನಿಂದ ಒಬ್ಬಳು ಅಜ್ಜಿ ‘ಆ ಹುಡುಗನಿಗೆ ಹೇಳು, ಡೂ ಆರ್ ಡೈ ಇದೆ’ ಎಂದು ಕೂಗುತ್ತಾಳೆ. ಎರಡು ಸಲ ಬರಿಗೈಯಲ್ಲಿ ಮರಳಿದ ಮೇಲೆ ಮೂರನೆಯ ದಾಳಿಯಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ದಾಳಿಗಾರ ಔಟ್ ಎಂಬ ನಿಯಮ ಅದು. ಕನ್ನಡದಲ್ಲೇ ವೀಕ್ಷಕ ವಿವರಣೆ ಬಂದ ಮೇಲೆ ಅಜ್ಜಿಯರೆಲ್ಲ ಪಂಡಿತರಾಗಿದ್ದಾರೆ. ಐಪಿಎಲ್ ಅನ್ನು ಮನೆಮನೆಯವರು ಬೇರೆ ಬೇರೆ ನೋಡುತ್ತಾರೆ, ಅದಕ್ಕೇ ನೂರು ಮನೆಯಿಂದ ನೂರು ಕರೆ. ಕಬಡ್ಡಿಯನ್ನು ನಮ್ಮ ಹಳ್ಳಿಗಳಲ್ಲಿ ಹಾಲಿನ ಡೇರಿಯ ಮುಂದೆ, ಅರಳಿಕಟ್ಟೆಯ ಮುಂದೆ ಒಟ್ಟಿಗೆ ಕುಳಿತು ನೋಡುತ್ತಾರೆ. ಕರೆ ಒಂದು, ಬಾಯಿ ಮೂವತ್ತು. ಹಾಗೆ ಗುಣಿಸಿದರೆ ನನ್ನ ನೋಟ್‌ಬುಕ್ಕಿನ ಲೆಕ್ಕವೇ ಬೇರೆಯಾಗುತ್ತದೆ.

2014ರಲ್ಲಿ ಆನಂದ್ ಮಹೀಂದ್ರ ಅವರ ಜೊತೆ ಈ ಲೀಗನ್ನು ಕಟ್ಟಿದ ಚಾರು ಶರ್ಮಾ, ಆರ್‌ಸಿಬಿಯ ಮೊದಲ ವರ್ಷದಲ್ಲಿ ಅದರ ಸಿಇಒ ಆಗಿದ್ದವರು. ಮೊದಲ ಋತುವನ್ನೇ 43.5 ಕೋಟಿ ಜನ ನೋಡಿದರು, ಆ ವರ್ಷದ ಐಪಿಎಲ್‌ಗೆ 56 ಕೋಟಿ ಎಂದು ಪತ್ರಿಕೆಗಳಲ್ಲಿ ಬಂತು. ಪೇಟೆಯವರು ಬೆರಗಾದರು. ಗಣೇಶನ ಹಬ್ಬಕ್ಕೆ ಹಳ್ಳಿಹಳ್ಳಿಯಲ್ಲೂ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ಗೆ ತಾತ್ಕಾಲಿಕ ಸಂಪರ್ಕ ಕೊಟ್ಟು ಬರುವ ನನಗೆ ಬೆರಗೇನೂ ಆಗಲಿಲ್ಲ. ಐಪಿಎಲ್ ನೋಡಲು ದೊಡ್ಡ ಪರದೆ ಹಾಕುತ್ತೇವೆ ಎಂದು ಅರ್ಜಿ ಹಿಡಿದು ಬಂದವರು ಇಷ್ಟು ವರ್ಷಗಳಲ್ಲಿ ಒಮ್ಮೆ ಮಾತ್ರ. ಕಬಡ್ಡಿಗೆ ಪ್ರತಿ ಭಾದ್ರಪದದಲ್ಲೂ ಸಾಲು ನಿಲ್ಲುತ್ತಾರೆ. ಬೂದಿಯಲ್ಲಿ ಗೆರೆ ಎಳೆದ ಅಂಕಣ, ನಾಲ್ಕು ಕಂಬಕ್ಕೆ ಎಂಟು ಹ್ಯಾಲೋಜನ್ ದೀಪ, ಗೆದ್ದವರಿಗೆ ಟ್ರೋಫಿಯ ಜೊತೆ ಒಂದು ಟಗರು. ಈಚೆಗೆ ಆ ಬೂದಿಯ ಅಂಕಣದಲ್ಲೂ ಬೋನಸ್ ಗೆರೆ ಬಂದಿದೆ, ಒಂದು ದಾಳಿಯ ಮೂವತ್ತು ಸೆಕೆಂಡನ್ನು ಮೊಬೈಲಿನಲ್ಲಿ ಎಣಿಸುತ್ತಾರೆ.

ನಮ್ಮ ಕಬಡ್ಡಿ ತಂಡ ಬೆಂಗಳೂರು ಬುಲ್ಸ್ ಕಪ್ ಗೆದ್ದ ವರ್ಷ ಕಂಠೀರವ ಒಳಾಂಗಣ ಸಿಗದೆ ತವರಿನ ಪಂದ್ಯಗಳನ್ನೂ ಪುಣೆಯಲ್ಲಿ ಆಡಿದರು. ತವರಿನಲ್ಲಿ ಆಡದ ತಂಡವನ್ನು ತವರಿನವರು ಟಿ.ವಿ.ಯಲ್ಲೇ ನೋಡಬೇಕು. ಹಾಗಿರುವಾಗ ಫೈನಲ್ ದಿನ ಕರೆಂಟು ಹೋದರೆ?

ಹೋಯಿತು. 2019ರ ಜನವರಿ 5, ಶನಿವಾರ. ಸುಗ್ಗಿಯ ಕಾಲ. ಬಣವೆಗೆಂದು ಹುಲ್ಲನ್ನು ಮುಗಿಲೆತ್ತರ ಹೇರಿಕೊಂಡು ಬಂದ ಟ್ರ್ಯಾಕ್ಟರ್ ಒಂದು ಊರಿನ ಒಳಗೆ ಮನೆಗಳಿಗೆ ಕರೆಂಟು ಒಯ್ಯುವ ಎಲ್.ಟಿ. ತಂತಿಗೆ ತಾಗಿ, ತಂತಿಗೆ ತಂತಿ ಬೆಸೆಯುವ ಜಂಪು ಕಿತ್ತುಹೋಗಿತ್ತು. ಪುಣ್ಯಕ್ಕೆ ಹುಲ್ಲಿಗೆ ಕಿಡಿ ಹತ್ತಿರಲಿಲ್ಲ. ನಾನು ಬೈಕಿನಲ್ಲಿ ತಲುಪಿದಾಗ ಡೇರಿಯ ಮುಂದೆ ಹೆಂಗಸರು, ಮಕ್ಕಳು, ಮುದುಕರು ಕಂಬಳಿ ಹೊದ್ದು ಕತ್ತಲೆಯಲ್ಲೇ ಕುಳಿತಿದ್ದರು. ಒಬ್ಬರೂ ಎದ್ದು ಮನೆಗೆ ಹೋಗಿರಲಿಲ್ಲ. ಮೊದಲರ್ಧ ಮುಗಿದಿತ್ತು, ಗುಜರಾತಿನವರು ಮುಂದಿದ್ದರು.

ಉಪಕೇಂದ್ರಕ್ಕೆ ಫೋನು ಮಾಡಿ ಎಲ್.ಸಿ., ಅಂದರೆ ಕರೆಂಟು ನಿಲ್ಲಿಸಿ ಕೆಲಸ ಮಾಡುವ ಅನುಮತಿ, ತೆಗೆದುಕೊಂಡೆ. ಟಿ.ಸಿ.ಯ ಸ್ವಿಚ್ಚು ಎಳೆದು, ಅರ್ಥ್ ರಾಡ್ ಹಾಕಿ, ಸೊಂಟದ ಬೆಲ್ಟು ಬಿಗಿದು ಕಂಬ ಹತ್ತಿದೆ. ಎಷ್ಟೇ ಅವಸರವಿದ್ದರೂ ಇದರಲ್ಲಿ ಒಂದನ್ನೂ ಬಿಡುವಂತಿಲ್ಲ. ಡೇರಿಯ ಕಾರ್ಯದರ್ಶಿಯ ಮಗ ಬೆಂಗಳೂರಿನಲ್ಲಿದ್ದ. ಅಪ್ಪ ಫೋನನ್ನು ಕಿವಿಗೊತ್ತಿಕೊಂಡು ಕಂಬದ ಬುಡದಲ್ಲಿ ನಿಂತು ಮಗ ಹೇಳಿದ್ದನ್ನು ಮೇಲಕ್ಕೆ ಕೂಗುತ್ತಿದ್ದರು: ‘ಪವನ್ ಎರಡು ತಂದ!’ ನಾನು ತಂತಿಯ ತುದಿ ಕೆರೆದೆ. ‘ಮತ್ತೊಂದು!’ ನಾನು ಸುತ್ತು ಹಾಕಿದೆ. ‘ಗುಜರಾತು ಆಲ್ ಔಟ್!’ ಎಂದಾಗ ಕೆಳಗಿನಿಂದ ಎದ್ದ ಕೂಗಿಗೆ ಕಂಬದ ಮೇಲಿದ್ದ ಗೂಬೆಯೊಂದು ನನ್ನ ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ಇಕ್ಕಳ ಕೈಜಾರಲಿಲ್ಲ, ಅದನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತೇನೆ.

ಕೊನೆಯ ಕೆಲವು ನಿಮಿಷ ಉಳಿದಿರುವಾಗ ಟಿ.ವಿ. ಹೊತ್ತಿಕೊಂಡಿತು. ಯಾರೋ ಜರುಗಿ ನನಗೆ ಕಂಬಳಿಯ ತುದಿ ಕೊಟ್ಟರು. ನಮ್ಮವರು 38–33ರಿಂದ ಗೆದ್ದಾಗ ಹುಡುಗರು ತೊಡೆ ತಟ್ಟಿಕೊಂಡು ಬೀದಿಗೆ ಓಡಿದರು, ಟ್ರ್ಯಾಕ್ಟರಿನವನು ತಪ್ಪೊಪ್ಪಿಕೊಳ್ಳುವಂತೆ ಹೆಡ್‌ಲೈಟು ಹಾಕಿಕೊಟ್ಟ, ಆ ಬೆಳಕಿನಲ್ಲಿ ಹನ್ನೊಂದರವರೆಗೆ ಕಬಡ್ಡಿ ನಡೆಯಿತು.

ಕಚೇರಿಗೆ ಮರಳಿ ರಿಜಿಸ್ಟರ್ ತುಂಬಿಸಿದೆ. ಸೋಮವಾರ ಶಾಖಾಧಿಕಾರಿಗಳು ಪುಟ ನೋಡುತ್ತಾ ಬೆರಳಿಟ್ಟು ನಿಲ್ಲಿಸಿದರು. ‘ಬಗೆಹರಿದ ಸಮಯ’ ಎಂಬ ಕಾಲಮ್ಮಿನಲ್ಲಿ ನಾನು 38–33 ಎಂದು ಬರೆದಿದ್ದೆ. ನನ್ನನ್ನೊಮ್ಮೆ ನೋಡಿದರು, ಪೆನ್ನು ತೆಗೆದು ಸಹಿ ಹಾಕಿದರು.

‘ಅದರಲ್ಲಿ ಪವನ್ ಎಷ್ಟು?’ ಎಂದು ಕೇಳಿದರು.

‘ಇಪ್ಪತ್ತೆರಡು, ಸಾರ್’ ಎಂದೆ.