ಎರಡನೇ ಲೇಸರ್‌ಗೆ ಮುನ್ನ ಒಂದು ಲೆಕ್ಕ

ಕನ್ನಡಕ ಬಿಡಿಸುವ ಲೇಸರ್ ಶಸ್ತ್ರಚಿಕಿತ್ಸೆಯಾದ ಲ್ಯಾಸಿಕ್ ಮಾಡಿಸಿಕೊಂಡ ಎಷ್ಟೋ ವರ್ಷಗಳ ನಂತರ ನನಗೆ ಮತ್ತೆ ಒಂದೂವರೆಯಷ್ಟು ಮೈನಸ್ ನಂಬರ್ ಬಂದಿದೆ. ಇನ್ನೊಮ್ಮೆ ಲೇಸರ್ ಮಾಡಿಸಿದರೆ ಸರಿಹೋಗುತ್ತದೆ ಎಂದು ಆಪ್ತರು ಹೇಳುತ್ತಾರೆ. ಆದರೆ ಈ ಸಲ ಲೇಸರ್ ಬೀಳುವುದು ಒಮ್ಮೆ ಕೊಯ್ದು ತೆಳುವಾಗಿಸಿದ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಮೇಲೆ ಎಂಬುದನ್ನು ಮರೆಯುವಂತಿಲ್ಲ.

ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಉದಾಹರಣೆಗೆ, 520 ಮೈಕ್ರಾನ್ ದಪ್ಪದ ಕಾರ್ನಿಯಾದಲ್ಲಿ ಆರು ನಂಬರ್ ತೆಗೆಯಲು, ಒಂದು ನಂಬರಿಗೆ ಸುಮಾರು 14 ಮೈಕ್ರಾನ್‌ನಂತೆ, 84 ಮೈಕ್ರಾನ್ ಸವೆಸಿದರೆ 436 ಉಳಿಯುತ್ತದೆ. ಇದರಲ್ಲಿ ಲೇಸರ್ ಹಾಯಿಸಲೆಂದು ಕೊಯ್ದು ಎತ್ತಿದ ಮೇಲಿನ ತೆಳುಪದರ, ಅಂದರೆ ಫ್ಲ್ಯಾಪ್, ಕಣ್ಣಿಗೆ ಹೆಚ್ಚಿನ ಬಲ ಕೊಡುವುದಿಲ್ಲ. ಭಾರ ಹೊರುವುದು ಅದರ ಕೆಳಗಿನ ಪದರ. ಫ್ಲ್ಯಾಪ್ 110 ಮೈಕ್ರಾನ್ ಇದ್ದರೆ ಕೆಳಗೆ 326 ಇರುತ್ತದೆ, ಹಳೆಯ ಬ್ಲೇಡಿನಿಂದ ಕೊಯ್ದ 160 ಮೈಕ್ರಾನ್ ಫ್ಲ್ಯಾಪ್ ಆಗಿದ್ದರೆ 276 ಮಾತ್ರ. ಆ ಫ್ಲ್ಯಾಪನ್ನೆತ್ತಿ ಒಂದೂವರೆ ನಂಬರಿಗಾಗಿ ಮತ್ತೆ 21 ಮೈಕ್ರಾನ್ ಸವೆಸಿದರೆ ಉಳಿಯುವುದು 255. ಕನಿಷ್ಠ 250 ಇರಲೇಬೇಕು ಎಂಬುದು ಹಳೆಯ ನಿಯಮ, 300ಕ್ಕಿಂತ ಕೆಳಗಿಳಿಯಲು ಒಪ್ಪದ ವೈದ್ಯರೂ ಇದ್ದಾರೆ. ಆ ಪದರ ದುರ್ಬಲಗೊಂಡು ಕಾರ್ನಿಯಾ ಮುಂದಕ್ಕೆ ಉಬ್ಬುವ ಎಕ್ಟೇಸಿಯಾ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ತೊಡಕು. ರೈಬೋಫ್ಲೇವಿನ್ (ಬಿ2 ವಿಟಮಿನ್) ಹಾಕಿ ಅತಿನೇರಳೆ ಕಿರಣ ಹಾಯಿಸುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ ಅದು ಮುಂದುವರಿಯದಂತೆ ತಡೆಯಬಲ್ಲುದೇ ಹೊರತು ಮೊದಲಿನ ದೃಷ್ಟಿಯನ್ನು ಪೂರ್ಣವಾಗಿ ಮರಳಿಸುವುದಿಲ್ಲ.

ಹಳೆಯ ಫ್ಲ್ಯಾಪ್ ವರ್ಷಗಳ ನಂತರವೂ ಎತ್ತಬಹುದಾದಷ್ಟು ಸಡಿಲವಾಗಿಯೇ ಇರುತ್ತದೆ. ಹಾಗೆ ಎತ್ತಿದಾಗ ಅಂಚಿನ ಮೇಲ್ಪದರದ ಕೋಶಗಳು ಒಳಕ್ಕೆ ನುಸುಳಿ ಬೆಳೆಯುವ ಅಪಾಯ ಮೊದಲ ಶಸ್ತ್ರಚಿಕಿತ್ಸೆಗಿಂತ ಹೆಚ್ಚು. ಅವು ನಡುವಿನವರೆಗೆ ಹಬ್ಬಿದರೆ ಮತ್ತೊಮ್ಮೆ ಫ್ಲ್ಯಾಪ್ ಎತ್ತಿ ಕೆರೆದು ತೆಗೆಯಬೇಕಾಗುತ್ತದೆ. ಈ ಕಾರಣಕ್ಕೆ ಹಲವು ವೈದ್ಯರು ಫ್ಲ್ಯಾಪನ್ನು ಮುಟ್ಟದೆ ಅದರ ಮೇಲೆಯೇ, ಮೇಲ್ಪದರದ ಕೋಶಗಳನ್ನಷ್ಟೇ ಸರಿಸಿ ನೇರವಾಗಿ ಲೇಸರ್ ಹಾಯಿಸುವ ಪಿಆರ್‌ಕೆ ಮಾಡುತ್ತಾರೆ. ಅದರಲ್ಲಿ ನೋವು ಹೆಚ್ಚು, ದೃಷ್ಟಿ ನಿಧಾನವಾಗಿ ತಿಳಿಯಾಗುತ್ತದೆ. ಮಬ್ಬು ಕಟ್ಟದಿರಲೆಂದು ಮೈಟೊಮೈಸಿನ್ ಎಂಬ ಔಷಧ ಬಳಸುವುದುಂಟು. ದಾರಿ ಯಾವುದಾದರೂ ನರಗಳಿಗೆ ಮತ್ತೆ ಪೆಟ್ಟು ಬೀಳುವುದರಿಂದ ಕಣ್ಣಿನ ಒಣಗುವಿಕೆ ಮರುಕಳಿಸಬಹುದು.

ಅದಕ್ಕೂ ಮೊದಲು ನಂಬರ್ ಏಕೆ ಬಂತೆಂದು ತಿಳಿಯಬೇಕು. ನಡುವಯಸ್ಸು ದಾಟಿದವರಲ್ಲಿ ಪೊರೆ ಆರಂಭವಾಗಿ ಮಸೂರ ಗಟ್ಟಿಯಾದಾಗಲೂ ಮೈನಸ್ ನಂಬರ್ ಏರುತ್ತದೆ. ಆಗ ಕಾರ್ನಿಯಾವನ್ನು ಸವೆಸುವುದು ತಪ್ಪು ಜಾಗಕ್ಕೆ ಕೊಡುವ ಚಿಕಿತ್ಸೆ.

ಆದ್ದರಿಂದ ಮೊದಲ ಶಸ್ತ್ರಚಿಕಿತ್ಸೆಯ ದಾಖಲೆಯನ್ನು ದಯವಿಟ್ಟು ಕೇಳಿ ಪಡೆದು ಜೋಪಾನ ಮಾಡಿ. ದಾಖಲೆ ಸಿಗದಿದ್ದರೆ ಫ್ಲ್ಯಾಪ್ ಎಷ್ಟು ದಪ್ಪವಿದೆಯೆಂದು, ಬೆಳಕಿನಿಂದ ಪದರಗಳ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನ್‌ನಲ್ಲಿ ಅಳೆಯಿಸಬಹುದು. ಮುಂದೆ ಪೊರೆ ತೆಗೆಸುವಾಗ ಹಾಕುವ ಕೃತಕ ಮಸೂರದ ಪವರ್ ಲೆಕ್ಕಹಾಕಲು ಕೂಡ ಆ ಹಳೆಯ ಅಳತೆಗಳು ನೆರವಾಗುತ್ತವೆ.